ಕೋಚ್ ಯಾರೆಂಬುದು ಎರಡನೆಯ ಪ್ರಶ್ನೆ

ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನ ಗೆಳೆಯನದೊಂದು ಔಷಧಿ ಅಂಗಡಿಯಿದೆ. ರಾತ್ರಿ ಒಂಬತ್ತೂವರೆಗೆ ಅವನು ಶಟರನ್ನು ಅರ್ಧಕ್ಕೆ ಇಳಿಸಿ ದಿನದ ಲೆಕ್ಕಕ್ಕೆ ಕುಳಿತಾಗ, ಮುಂದಿನ ಕಟ್ಟೆಯ ಮೇಲೆ ನಾವು ನಾಲ್ಕೈದು ಜನ ಸೇರುತ್ತೇವೆ. ಅಲ್ಲಿ ಫುಟ್‌ಬಾಲ್ ಕ್ಲಬ್ ಆದ ಬೆಂಗಳೂರು ಎಫ್‌ಸಿಯ ಪಂದ್ಯಗಳ ಬಗ್ಗೆ ಮಾತಾಡುವುದು ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿರುವ ಪದ್ಧತಿ. ತಂಡ ಸೋತ ವಾರಗಳಲ್ಲಿ, ಅಥವಾ ಆಟಗಾರರ ಒಪ್ಪಂದಗಳು ಮುಗಿಯುವ ಹೊತ್ತಿಗೆ, ಎಲ್ಲಿಂದ ಶುರುವಾದ ಮಾತಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಮುಂದಿನ ಕೋಚ್ ಯಾರಾಗಬೇಕು? ಈಚೆಗೆ ಅದು ಮತ್ತೆ ಎದ್ದಿದೆ. ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಸರಿಯಾಗಿ ಹೇಳಿ ಮುಗಿಸಲು ಆಗದಿದ್ದುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಜಾವಗಲ್ ಎಂಬ ಊರಿನ ಹೆಸರು ಕ್ರಿಕೆಟ್‌ನಿಂದಾಗಿ ಲೋಕಕ್ಕೆಲ್ಲ ತಿಳಿದ ಜಿಲ್ಲೆ ನಮ್ಮದು. ಇಲ್ಲಿ ಫುಟ್‌ಬಾಲ್ ಕ್ಲಬ್ಬೊಂದಕ್ಕೆ ಮನಸ್ಸು ಕೊಟ್ಟವರು ಕಡಿಮೆ. ಇರುವವರು ಮಾತ್ರ ಅದನ್ನು ಮನೆಯ ವಿಷಯದಂತೆ ಹಚ್ಚಿಕೊಂಡವರು. ಔಷಧಿ ಅಂಗಡಿಯ ಗೆಳೆಯನಿಗೆ ಸ್ಪೇನಿನ ಕೋಚ್ ಬಿಟ್ಟು ಬೇರೆ ಯಾರೂ ಬೇಡ. ನಮ್ಮೊಡನೆ ಬರುವ ದೈಹಿಕ ಶಿಕ್ಷಣದ ಮೇಷ್ಟ್ರು, ಇಷ್ಟು ವರ್ಷವಾದರೂ ಭಾರತೀಯನೊಬ್ಬನಿಗೆ ಪೂರ್ಣ ಜವಾಬ್ದಾರಿ ಕೊಡದಿರುವುದು ತಪ್ಪು ಎನ್ನುವವರು. ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವವರೊಬ್ಬರು ವಾರಕ್ಕೊಮ್ಮೆ ಬರುತ್ತಾರೆ. ಅವರ ಪ್ರಕಾರ ಕೋಚ್ ಯಾವ ದೇಶದವನಾದರೂ ಸರಿ, ಹಿಂದೆ ಟ್ರೋಫಿ ಗೆದ್ದವನಾಗಿರಬೇಕು. ಇಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ ಪ್ರತಿ ಆಟಗಾರನ ನಿಮಿಷ, ಪಾಸು, ಓಟಗಳನ್ನೆಲ್ಲ ಮೊಬೈಲಿನಲ್ಲಿ ಬರೆದಿಟ್ಟುಕೊಂಡು, ವಯಸ್ಸಾದ ಆಟಗಾರರನ್ನು ಕೊಳ್ಳುವುದನ್ನು ನಿಲ್ಲಿಸುವ ಕೋಚ್ ಬೇಕೆಂದು ವಾದಿಸುತ್ತಾನೆ. ಇವರೆಲ್ಲರ ಮಾತಿನಲ್ಲಿಯೂ ಸತ್ಯವಿದೆ. ಆದರೆ ಎಂಥ ಆಟಗಾರರನ್ನು ತರುತ್ತೇವೆ, ಎಂಥವರನ್ನು ನಾವೇ ಬೆಳೆಸುತ್ತೇವೆ, ಯಾರನ್ನು ಏನೇ ಆದರೂ ಬಿಟ್ಟುಕೊಡುವುದಿಲ್ಲ ಎಂಬುದನ್ನು ಕ್ಲಬ್ ಮೊದಲು ತೀರ್ಮಾನಿಸದೆ ಕೋಚ್‌ನ ಹೆಸರು ಹಿಡಿದು ಜಗಳವಾಡುವುದು, ಗದ್ದೆಗೆ ನೀರಿಲ್ಲದಿರುವಾಗ ಯಾವ ಭತ್ತ ಬಿತ್ತೋಣವೆಂದು ಚರ್ಚಿಸಿದಂತೆ ಎಂದು ನನಗೆ ದಿನೇ ದಿನೇ ಗಟ್ಟಿಯಾಗಿ ಅನ್ನಿಸುತ್ತಿದೆ.

2013ರಲ್ಲಿ ಹುಟ್ಟಿದ ಕ್ಲಬ್ ಕೋಚ್ ಆಶ್ಲಿ ವೆಸ್ಟ್‌ವುಡ್ ಅವರ ಕೈಯಲ್ಲಿ ಮೊದಲ ಸೀಸನ್ನಿನಲ್ಲೇ ದೇಶದ ಆಗಿನ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. 2015-16ರಲ್ಲಿ ಇನ್ನೊಮ್ಮೆ ಗೆದ್ದಿತು. ಆ ದಿನಗಳನ್ನು ನಾನು ಹೆಚ್ಚಾಗಿ ಪತ್ರಿಕೆಯ ಕ್ರೀಡಾ ಪುಟದಲ್ಲಿ ಕಂಡವನು. ಕ್ಲಬ್ ನನ್ನದಾದದ್ದು 2016ರ ಅಕ್ಟೋಬರ್ 19ರ ಬುಧವಾರ, ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೆಯ ಪಂದ್ಯದ ರಾತ್ರಿ.

ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳು ಹತ್ತಿರ ಬಂದು ಊರಿನ ಬೀದಿಗಳಿಗೆ ದೀಪದ ಸರ ಕಟ್ಟುತ್ತಿದ್ದರು. ನಾನೂ ಔಷಧಿ ಅಂಗಡಿಯ ಗೆಳೆಯನೂ ಬೆಳಿಗ್ಗೆ ಹನ್ನೊಂದರ ಬಸ್ಸು ಹತ್ತಿ, ಯಡಿಯೂರಿನಲ್ಲಿ ಇಳಿದು ಟೀ ಕುಡಿದು, ನೆಲಮಂಗಲದ ಬಳಿ ಮುಕ್ಕಾಲು ಗಂಟೆ ನಿಂತು, ಮೆಜೆಸ್ಟಿಕ್ ಸೇರುವಷ್ಟರಲ್ಲಿ ನಾಲ್ಕು ಗಂಟೆ ದಾಟಿತ್ತು. ಎದುರಾಳಿ ಮಲೇಷ್ಯಾದ ಜೋಹೊರ್ ದಾರುಲ್ ತಾಜಿಮ್, ಹಿಂದಿನ ವರ್ಷ ಕಪ್ ಗೆದ್ದಿದ್ದ ತಂಡ. ಅಲ್ಲಿ ನಡೆದ ಮೊದಲ ಪಂದ್ಯ 1-1 ಆಗಿತ್ತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಾವು ಕುಳಿತು ಉಸಿರು ಬಿಡುವ ಮುಂಚೆಯೇ ಜೋಹೊರ್ ಗೋಲು ಹೊಡೆಯಿತು. ಆಗ ನಮ್ಮ ಪಕ್ಕದಲ್ಲಿ, ಕೋಲಾರದ ಕಡೆಯವರೆಂದು ಮಾತಿನಿಂದ ತಿಳಿಯುತ್ತಿದ್ದ ಹಿರಿಯರೊಬ್ಬರು, ಕೈಯಲ್ಲಿದ್ದ ಕಡಲೆಕಾಯಿ ಪೊಟ್ಟಣವನ್ನು ಹಾಗೆಯೇ ಮಡಚಿ ಜೇಬಿಗಿಟ್ಟುಕೊಂಡು, ಪಂದ್ಯ ಮುಗಿಯುವವರೆಗೂ ಅದನ್ನು ಹೊರತೆಗೆಯಲಿಲ್ಲ. ಮಧ್ಯಂತರಕ್ಕೆ ಸ್ವಲ್ಪ ಮೊದಲು ಸುನಿಲ್ ಛೇತ್ರಿ ಸಮ ಮಾಡಿದರು, ಎರಡನೆಯ ಅವಧಿಯಲ್ಲಿ ಅವರೇ ಇನ್ನೊಂದು ಹೊಡೆದರು, ಆಮೇಲೆ ಹುವಾನನ್ ಮೂರನೆಯದು. 3-1. ಭಾರತದ ಕ್ಲಬ್ಬೊಂದು ಮೊದಲ ಬಾರಿಗೆ ಎಎಫ್‌ಸಿ ಕಪ್ ಫೈನಲ್ ತಲುಪಿತ್ತು. ರಾತ್ರಿ ಮೂರಕ್ಕೆ ಹಾಸನದಲ್ಲಿ ಬಸ್ಸಿಳಿದಾಗ ನಮ್ಮಿಬ್ಬರಿಗೂ ದನಿ ಬಿದ್ದುಹೋಗಿತ್ತು. ದೋಹಾದ ಫೈನಲ್‌ನಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ಬಿನೆದುರು 1-0ರಿಂದ ಸೋತೆವು, ಆದರೆ ಆ ಸೋಲು ಅಕ್ಟೋಬರ್‌ನ ರಾತ್ರಿಯನ್ನು ಮನಸ್ಸಿನಿಂದ ಅಳಿಸಲಿಲ್ಲ.

ಆಗ ಕೋಚ್ ಆಗಿದ್ದವರು ಆಲ್ಬರ್ಟ್ ರೋಕಾ. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಸಿಬ್ಬಂದಿಯಲ್ಲಿದ್ದವರು. ಅವರ ಸಹಾಯಕರಾಗಿದ್ದವರು ಕಾರ್ಲೆಸ್ ಕ್ವಾದ್ರಾತ್. 2017-18ರಲ್ಲಿ ಕ್ಲಬ್ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ಗೆ ಬಂದು ಮೊದಲ ಸೀಸನ್ನಿನಲ್ಲೇ ಫೈನಲ್ ತಲುಪಿತು. ಮಿಕು 15, ಛೇತ್ರಿ 14 ಗೋಲು ಹೊಡೆದಿದ್ದರು. ಫೈನಲ್ ಕಂಠೀರವದಲ್ಲೇ ನಡೆಯಿತು, ಒಂಬತ್ತನೆಯ ನಿಮಿಷದಲ್ಲಿ ಛೇತ್ರಿ ಮುನ್ನಡೆಯನ್ನೂ ಕೊಟ್ಟರು, ಆದರೆ ಎದುರಾಳಿ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಮೂಲೆಯಿಂದ ಒದ್ದ ಎರಡು ಕಾರ್ನರ್‌ಗಳಲ್ಲಿ ಎರಡು ಸಲ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು. 2-3ರಿಂದ ಸೋತೆವು. ರೋಕಾ ಹೊರಟಾಗ ಕ್ಲಬ್ ಹೊಸಬರನ್ನು ಹುಡುಕಿಕೊಂಡು ಹೋಗಲಿಲ್ಲ. ಕ್ವಾದ್ರಾತ್ ಅವರನ್ನೇ ಮುಂದಕ್ಕೆ ತಂದಿತು. ಮುಂದಿನ ಮಾರ್ಚ್‌ನಲ್ಲಿ, ಮುಂಬೈನಲ್ಲಿ, ಎಫ್‌ಸಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಡಿಮಾಸ್ ಡೆಲ್ಗಾಡೊ ತೆಗೆದುಕೊಂಡ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟರು. ಒಂದು ವರ್ಷದ ಹಿಂದೆ ಕಾರ್ನರ್‌ಗಳಲ್ಲಿ ಕಪ್ ಕಳೆದುಕೊಂಡ ತಂಡ ಕಾರ್ನರ್‌ನಲ್ಲೇ ಅದನ್ನು ಗೆದ್ದುಕೊಂಡಿತು. ಹಿಂದಿನ ಫೈನಲ್‌ನ ನೋವನ್ನು ಒಳಗೇ ಕಂಡಿದ್ದ ಕೋಚ್, ಆ ನೋವನ್ನು ಉಂಡಿದ್ದ ಆಟಗಾರರು, ಅದೇ ಆಟದ ರೀತಿ: ಹೊಸ ಕೋಚ್ ಬಂದರೂ ಡ್ರೆಸ್ಸಿಂಗ್ ರೂಮಿನಲ್ಲಿ ಭಾಷೆ ಬದಲಾಗಲಿಲ್ಲ ಎಂಬುದೇ ಆ ಗೆಲುವಿನ ಹಿಂದಿದ್ದ ಶಕ್ತಿ ಎಂದು ನಾನು ನಂಬಿದ್ದೇನೆ.

ಗೆಳೆಯ ಸ್ಪೇನ್ ಸ್ಪೇನ್ ಎನ್ನುವುದು ಇದಕ್ಕಾಗಿಯೇ. ಮುಂದೆ 2023ರ ಡಿಸೆಂಬರ್‌ನಲ್ಲಿ ಬಂದ ಜೆರಾರ್ಡ್ ಸರಗೋಸಾ ಕೂಡ 2018-19ರಲ್ಲಿ ಕ್ವಾದ್ರಾತ್ ಅವರ ಸಿಬ್ಬಂದಿಯಲ್ಲಿದ್ದವರು, ಅವರೂ 2025ರ ಏಪ್ರಿಲ್‌ನಲ್ಲಿ ತಂಡವನ್ನು ಫೈನಲ್‌ಗೆ ಕೊಂಡೊಯ್ದರು. ನಾಲ್ಕು ಐಎಸ್‌ಎಲ್ ಫೈನಲ್‌ಗಳಲ್ಲಿ ಮೂರು ಒಂದೇ ಬಳ್ಳಿಯಿಂದ ಬಂದವು. ಆದರೆ ಈ ಲೆಕ್ಕದಿಂದ ಅವನು ತೆಗೆಯುವ ನಿರ್ಣಯಕ್ಕೆ ನನ್ನ ಒಪ್ಪಿಗೆಯಿಲ್ಲ. ಅಲ್ಲಿ ಕೆಲಸ ಮಾಡಿದ್ದು ಪಾಸ್‌ಪೋರ್ಟ್ ಅಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗಿ ಬಂದ ಪರಿಚಯ. ಸ್ಪೇನಿನಿಂದಲೇ ಆದರೂ ನಮ್ಮ ಹುಡುಗರ ಹೆಸರು ಕೂಡ ಗೊತ್ತಿಲ್ಲದವರೊಬ್ಬರನ್ನು ತಂದರೆ ಅವರೂ ಶೂನ್ಯದಿಂದಲೇ ಶುರು ಮಾಡಬೇಕಾಗುತ್ತದೆ.

ಕ್ವಾದ್ರಾತ್ ಅವರ ದಿನಗಳಲ್ಲೇ ಖರೀದಿಯ ದೋಷ ಕಾಣಿಸಿಕೊಂಡಿತ್ತು ಎಂಬುದನ್ನೂ ಹೇಳಬೇಕು. 2019ರಲ್ಲಿ ಮಿಕು ಹೋದರು. ಅವರ ಜಾಗಕ್ಕೆ ಬಂದ ಮಾನ್ಯುಯೆಲ್ ಒನ್ವು ನಮ್ಮಲ್ಲಿ ನೆಲೆ ನಿಲ್ಲಲಿಲ್ಲ. ಅದೇ ಸೀಸನ್ನಿನ ನಡುವೆ ಎರವಲಿನ ಮೇಲೆ ಒಡಿಶಾಕ್ಕೆ ಹೋದವರು ಅಲ್ಲಿ ಸರಾಗವಾಗಿ ಗೋಲು ಹೊಡೆದರು. ಆಟಗಾರ ಕೆಟ್ಟವನಾಗಿರಲಿಲ್ಲ. ಅವನಿಗೆ ಒಗ್ಗುವ ಆಟ ನಮ್ಮಲ್ಲಿತ್ತೇ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕಿತ್ತು. 2021ರ ಜನವರಿಯಲ್ಲಿ ಕ್ವಾದ್ರಾತ್ ನಿರ್ಗಮಿಸಿದರು, ನೌಷಾದ್ ಮೂಸಾ ತಾತ್ಕಾಲಿಕವಾಗಿ ಹೊಣೆ ಹೊತ್ತರು, ತಂಡ ಏಳನೆಯ ಸ್ಥಾನಕ್ಕೆ ಇಳಿಯಿತು. ನಂತರ ಮಾರ್ಕೊ ಪೆಜಾಯುವೊಲಿ ಒಂದು ಸೀಸನ್ ಇದ್ದು ಹೋದರು.

ಇನ್ನು ಅವರ ನಂತರ ಕೋಚ್ ಆಗಿ ಬಂದ ಸೈಮನ್ ಗ್ರೇಸನ್ ಅವರ ಕಾಲ. ನಮ್ಮ ಕಟ್ಟೆಯ ವಾದಗಳೆಲ್ಲ ಕೊನೆಗೆ ಸುತ್ತಿ ಬರುವುದು ಇಲ್ಲಿಗೇ, ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2022ರಲ್ಲಿ ಕ್ಲಬ್ ಅನುಭವಿಗಳನ್ನು ತಂದಿತು: ರಾಯ್ ಕೃಷ್ಣ, ಸಂದೇಶ್ ಜಿಂಗಾನ್, ಪ್ರಬೀರ್ ದಾಸ್, ಹಾವಿ ಹೆರ್ನಾಂಡೆಜ್. ಆಶಿಕ್ ಕುರುಣಿಯನ್ ಅವರನ್ನು ಬಿಟ್ಟುಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಡುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿದೆವು. ಲೀಗ್ ಮಾತ್ರ ಕುಂಟುತ್ತಾ ಸಾಗಿ, ಅರ್ಧ ಕಳೆದ ಮೇಲೆ ಎಲ್ಲಿಂದಲೋ ಚೈತನ್ಯ ಬಂದು, ಕೊನೆಯ ಎಂಟು ಲೀಗ್ ಪಂದ್ಯಗಳನ್ನು ಸತತವಾಗಿ ಗೆದ್ದು ನಾಲ್ಕನೆಯ ಸ್ಥಾನಕ್ಕೆ ಏರಿದೆವು. ಆ ಓಟದಲ್ಲಿ ಮುಂದೆ ನಿಂತವನು ಮೀಸಲು ತಂಡದಿಂದ ಮೇಲೆ ಬಂದ ಶಿವಶಕ್ತಿ ನಾರಾಯಣನ್. ಆ ವರ್ಷದ ಉದಯೋನ್ಮುಖ ಆಟಗಾರ ಪ್ರಶಸ್ತಿ ಅವನಿಗೆ ಬಂತು. ಹಿಂದಿನ ವರ್ಷ ಅದೇ ಪ್ರಶಸ್ತಿ ನಮ್ಮವನೇ ಆದ ರೋಷನ್ ಸಿಂಗ್‌ಗೆ ಬಂದಿತ್ತು.

2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಪ್ಲೇಆಫ್ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಛೇತ್ರಿ ಥಟ್ಟನೆ ತೆಗೆದುಕೊಂಡ ಫ್ರೀಕಿಕ್ ಗೋಲಾಯಿತು, ಎದುರಾಳಿಗಳು ಅದನ್ನು ಒಪ್ಪದೆ ಮೈದಾನ ಬಿಟ್ಟು ನಡೆದರು. ದೇಶವೆಲ್ಲ ಅದನ್ನೇ ಚರ್ಚಿಸುತ್ತಿದ್ದಾಗ, ಮರುದಿನ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ಎತ್ತಿತು. ಅದಕ್ಕೆ ಮೊದಲು ನಮ್ಮ ನಾಡು ಆ ಟ್ರೋಫಿ ಗೆದ್ದದ್ದು 1968-69ರಲ್ಲಿ, ಇನ್ನೂ ಮೈಸೂರು ರಾಜ್ಯವೆಂಬ ಹೆಸರಿದ್ದಾಗ. ಐವತ್ತನಾಲ್ಕು ವರ್ಷ. ಮೇಷ್ಟ್ರು ಆ ರಾತ್ರಿ ಕಟ್ಟೆಗೆ ಮೈಸೂರು ಪಾಕಿನ ಪೊಟ್ಟಣ ತಂದಿದ್ದರು. ಛೇತ್ರಿಯ ಫ್ರೀಕಿಕ್ ಸರಿಯೋ ತಪ್ಪೋ ಎಂದು ನಾವು ಮೂವರು ಕೂಗಾಡುತ್ತಿದ್ದುದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು ಅವರು, "ನಿನ್ನೆಯದು ನಾಳೆ ಆದರೂ ಮಾತಾಡಬಹುದು, ಇವತ್ತಿನದನ್ನು ನೋಡಿ" ಎಂದು ಪೊಟ್ಟಣ ಬಿಚ್ಚಿದರು. ಒಂದೇ ರಾಜ್ಯದ ಎರಡು ಸುದ್ದಿಗಳು ಒಂದು ದಿನದ ಅಂತರದಲ್ಲಿ ಬಂದು, ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಳೆದುಹೋದದ್ದು ನನ್ನನ್ನು ಇಂದಿಗೂ ಕಾಡುತ್ತದೆ.

ಫೈನಲ್ ಗೋವಾದಲ್ಲಿ ನಡೆಯಿತು, ಎಟಿಕೆ ಮೋಹನ್ ಬಗಾನ್ ವಿರುದ್ಧ 2-2 ಆಗಿ ಪೆನಾಲ್ಟಿಗಳಲ್ಲಿ ಸೋತೆವು. ನಿಜವಾದ ಸೋಲು ಆಮೇಲೆ ಬಂತು. ಆ ಬೇಸಿಗೆಯಲ್ಲಿ ರಾಯ್ ಕೃಷ್ಣ ಒಡಿಶಾಕ್ಕೆ, ಜಿಂಗಾನ್ ಗೋವಾಕ್ಕೆ, ಪ್ರಬೀರ್ ಕೇರಳಕ್ಕೆ ಹೋದರು. ಅವರು ಬಂದವರು, ಹೋದರು ಎನ್ನಬಹುದು. ಆದರೆ ಹದಿಹರೆಯದಿಂದ ನಮ್ಮ ಬಲ ಅಂಚಿನಲ್ಲಿ ಓಡುತ್ತಿದ್ದ ಉದಾಂತ ಸಿಂಗ್ ಕೂಡ ಗೋವಾಕ್ಕೆ ಹೊರಟ. ಮಾರ್ಚ್‌ನಲ್ಲಿ ಫೈನಲ್ ಆಡಿದ ತಂಡ ಡಿಸೆಂಬರ್ 8ರಂದು ತನ್ನದೇ ಅಂಗಳದಲ್ಲಿ ಮುಂಬೈ ಸಿಟಿಗೆ 0-4ರಿಂದ ಶರಣಾಯಿತು, ಅದರ ಬೆನ್ನಿಗೇ ಗ್ರೇಸನ್ ಅವರನ್ನು ಕಳಿಸಲಾಯಿತು, ಸೀಸನ್ ಮುಗಿದಾಗ ಹನ್ನೆರಡು ತಂಡಗಳಲ್ಲಿ ನಾವು ಹತ್ತನೆಯವರು. ಗ್ರೇಸನ್ ಒಂಬತ್ತು ತಿಂಗಳಲ್ಲಿ ಫುಟ್‌ಬಾಲ್ ಮರೆತಿರಲಿಕ್ಕಿಲ್ಲ. ಅವರ ಕೈಕೆಳಗಿನ ತಂಡವೇ ಕರಗಿಹೋಗಿತ್ತು. ರೈಟರ್ ಅವರು ಟ್ರೋಫಿ ಗೆದ್ದ ಕೋಚ್ ಬೇಕು ಎಂದಾಗಲೆಲ್ಲ ನಾನು ಈ ವರ್ಷವನ್ನು ನೆನಪಿಸುತ್ತೇನೆ: ಡುರಾಂಡ್ ಗೆದ್ದವರೇ ಅಲ್ಲಿದ್ದರು, ಏನಾಯಿತು?

2024ರಲ್ಲಿ ಮತ್ತೆ ಅದೇ ದಾರಿ ಹಿಡಿದೆವು. ಮುಂಬೈ ಸಿಟಿಯಿಂದ ಆಲ್ಬರ್ಟೊ ನೊಗುವೆರಾ, ಹೋರ್ಹೆ ಪೆರೆರಾ ಡಿಯಾಜ್, ಹಳೆಯ ರಾಹುಲ್ ಭೇಕೆ. ಸ್ಪೇನಿನಿಂದ ಪೆಡ್ರೊ ಕಾಪೊ. ಎಲ್ಲರೂ ಮೂವತ್ತು ದಾಟಿದವರು. ಎಲ್ಲರೂ ಒಳ್ಳೆಯ ಆಟಗಾರರು, ಅದರಲ್ಲಿ ಅನುಮಾನವಿಲ್ಲ. ಅವರಿಂದಲೇ ಕೋಲ್ಕತ್ತದ ಫೈನಲ್ ತಲುಪಿ, ಮೋಹನ್ ಬಗಾನ್ ವಿರುದ್ಧ ಮುನ್ನಡೆ ಪಡೆದು, ಹೆಚ್ಚುವರಿ ಸಮಯದಲ್ಲಿ 1-2ರಿಂದ ಸೋತೆವು. ಆ ಸೀಸನ್ನಿನಲ್ಲಿ ಛೇತ್ರಿ ನಲವತ್ತನೆಯ ವಯಸ್ಸಿನಲ್ಲಿ 14 ಗೋಲು ಹೊಡೆದರು. 1984ರ ಆಗಸ್ಟ್‌ನಲ್ಲಿ ಹುಟ್ಟಿದ ಮನುಷ್ಯ 2018ರಲ್ಲಿ ಹೊಡೆದಷ್ಟೇ ಗೋಲನ್ನು ಏಳು ವರ್ಷದ ಮೇಲೂ ಹೊಡೆದದ್ದು ನನ್ನ ಜೀವಮಾನದಲ್ಲಿ ಕಂಡ ದೊಡ್ಡ ಸಾಧನೆಗಳಲ್ಲಿ ಒಂದು. ಆದರೆ ಅದೇ ಏಳು ವರ್ಷಗಳಲ್ಲಿ ಅವರ ಜಾಗಕ್ಕೆ ಒಬ್ಬನನ್ನು ತಯಾರು ಮಾಡಲಿಲ್ಲವಲ್ಲ ಎಂಬ ಸಂಕಟವೂ ಅದರ ಜೊತೆಗೇ ಬರುತ್ತದೆ. ಇಂಜಿನಿಯರಿಂಗ್ ಹುಡುಗ ಇಲ್ಲಿ ಸಂಪೂರ್ಣ ಸರಿ.

ಇನ್ನೊಂದು ಮಾತು. 2021-22ರಿಂದ ಐಎಸ್‌ಎಲ್‌ನಲ್ಲಿ ಮೈದಾನದ ಮೇಲೆ ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚು ವಿದೇಶಿಯರು ಇರುವಂತಿಲ್ಲ ಎಂಬ ನಿಯಮ ಬಂತು. ಅಂದರೆ ಹನ್ನೊಂದರಲ್ಲಿ ಏಳು ಜನ ಭಾರತೀಯರು. ಒಳ್ಳೆಯ ಭಾರತೀಯ ಆಟಗಾರರ ಸಂಖ್ಯೆ ಸೀಮಿತ, ಅವರಿಗಾಗಿ ಎಲ್ಲ ಕ್ಲಬ್‌ಗಳೂ ಹಣದ ಚೀಲ ಹಿಡಿದು ನಿಂತಿವೆ, ಆ ಪೈಪೋಟಿಯಲ್ಲಿ ಕೋಲ್ಕತ್ತದವರನ್ನೂ ಮುಂಬೈನವರನ್ನೂ ಪ್ರತಿ ವರ್ಷ ಮೀರಿಸುವುದು ಆಗದ ಮಾತು. ಹಾಗಿದ್ದಮೇಲೆ ಉಳಿಯುವ ದಾರಿ ಬೆಳೆಸಿಕೊಳ್ಳುವುದು. ಮಿಜೋರಾಂನ ಐಜ್ವಾಲ್ ಎಫ್‌ಸಿ 2016-17ರಲ್ಲಿ ಐ-ಲೀಗ್ ಗೆದ್ದದ್ದನ್ನು ಮೇಷ್ಟ್ರು ಪದೇ ಪದೇ ಹೇಳುತ್ತಾರೆ, ಏಕೆಂದರೆ ಆ ತಂಡದ ಬೆನ್ನೆಲುಬು ಅದೇ ಬೆಟ್ಟಗಳ ಹುಡುಗರು, ಕೋಚ್ ಖಾಲಿದ್ ಜಮೀಲ್. 2025ರ ಆಗಸ್ಟ್‌ನಲ್ಲಿ ಜಮೀಲ್ ರಾಷ್ಟ್ರೀಯ ತಂಡದ ಕೋಚ್ ಆದರು. ನಮ್ಮ ಮೀಸಲು ಹುಡುಗರನ್ನು ತಿದ್ದಿ ತೀಡಿದ ನೌಷಾದ್ ಮೂಸಾ ಅದೇ ವರ್ಷ ದೇಶದ 23 ವರ್ಷದೊಳಗಿನವರ ತಂಡದ ಹೊಣೆ ಹೊತ್ತರು. ಭಾರತೀಯ ಕೋಚ್‌ಗೆ ಈ ಮಟ್ಟದ ಕೆಲಸ ಆಗುವುದಿಲ್ಲ ಎಂಬ ವಾದಕ್ಕೆ ಇನ್ನು ಜೀವವಿಲ್ಲ. ಆದರೂ ಭಾರತೀಯನನ್ನು ನೇಮಿಸಿ, ಅವನ ಕೈಗೆ ಮತ್ತೆ ಮೂವತ್ತು ದಾಟಿದ ಹನ್ನೊಂದು ಜನರನ್ನು ಕೊಟ್ಟರೆ ಫಲ ಬೇರೆಯಾಗುವುದಿಲ್ಲ ಎಂದು ಮೇಷ್ಟ್ರಿಗೂ ಹೇಳಿದ್ದೇನೆ.

ಬೆಳೆಸುವುದು ಎಂದಾಗ ಎಲ್ಲಿಂದ ಎಂಬ ಪ್ರಶ್ನೆ ಬರುತ್ತದೆ. ಬೆಂಗಳೂರಿನ ಫುಟ್‌ಬಾಲ್ ಎಂದರೆ ಹಲಸೂರು, ಆಸ್ಟಿನ್ ಟೌನ್, ಗೌತಮಪುರ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು, ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಆ ಪರಂಪರೆಗೆ ತಲೆಬಾಗುತ್ತೇನೆ. ಕ್ಲಬ್ಬಿನ ಮಾಲೀಕರ ಕ್ರೀಡಾ ಸಂಸ್ಥೆ ಬಳ್ಳಾರಿ ಸೀಮೆಯ ವಿಜಯನಗರದಲ್ಲಿದೆ, ಹುಡುಗರು ಅಲ್ಲಿ ವಸತಿಯಲ್ಲಿದ್ದು ಕಲಿಯುತ್ತಾರೆ, ಬೆಂಗಳೂರಿನದೇ ಹುಡುಗನಾದ ವಿನೀತ್ ವೆಂಕಟೇಶ್ ಮೊದಲ ತಂಡದಲ್ಲಿ ಆಡಿದ್ದನ್ನು ನೋಡಿ ನಾವೆಲ್ಲ ಹಿಗ್ಗಿದ್ದೇವೆ. ಇವೆಲ್ಲ ಇದ್ದೂ ನಮ್ಮ ಕಡೆಯ ಮಕ್ಕಳಿಗೆ ಆ ಬಾಗಿಲು ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ.

ಆಲೂರು ಕಡೆಯ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸಕ್ಕೆ ಹೋಗುವವರು. ಹುಡುಗನಿಗೆ ಆಗ ಹದಿನಾಲ್ಕು, ಎಡಗಾಲಿನ ಆಟಗಾರ. ಜಿಲ್ಲಾ ಕ್ರೀಡಾಂಗಣದ ಕೆಂಪು ನೆಲದ ಮೇಲೆ ಎಡ ಅಂಚಿನಿಂದ ಅವನು ಚೆಂಡನ್ನು ಒಳಗೆ ಕಳಿಸುತ್ತಿದ್ದ ರೀತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ: ಓಡುತ್ತಲೇ ತಲೆಯೆತ್ತಿ ಒಮ್ಮೆ ನೋಡುವನು, ಮರುಕ್ಷಣ ಚೆಂಡು ಕೊನೆಯ ರಕ್ಷಕನ ತಲೆ ದಾಟಿ ಎರಡನೆಯ ಕಂಬದ ಬಳಿ ಇಳಿಯುತ್ತಿತ್ತು. ಕಾಲಿಗೆ ಅಣ್ಣನ ಹಳೆಯ ಬೂಟು, ಮುಂದೆ ಬಟ್ಟೆ ತುರುಕಿ ಅಳತೆ ಸರಿ ಮಾಡಿಕೊಂಡದ್ದು. ಬೆಂಗಳೂರಿನ ತರಬೇತಿ ಸಂಸ್ಥೆಯೊಂದರಲ್ಲಿ 15 ವರ್ಷದೊಳಗಿನವರ ಆಯ್ಕೆ ಇದೆಯೆಂದು ತಿಳಿದು ಮೇಷ್ಟ್ರೇ ತಮ್ಮ ಖರ್ಚಿನಲ್ಲಿ ಕರೆದುಕೊಂಡು ಹೋದರು. ನೋಂದಣಿ ಬೆಳಿಗ್ಗೆ ಏಳರಿಂದ ಒಂಬತ್ತು. ರಾತ್ರಿ ತಂಗಲು ಜಾಗವಿಲ್ಲದೆ ನಸುಕಿನ ಬಸ್ಸಿಗೆ ಹೊರಟವರು ಒಂಬತ್ತೂಮುಕ್ಕಾಲಿಗೆ ತಲುಪಿದರು. ಪುಸ್ತಕ ಮುಚ್ಚಿಯಾಗಿತ್ತು, ಮುಂದಿನ ವರ್ಷ ಬನ್ನಿ ಎಂದರು. ಮುಂದಿನ ವರ್ಷಕ್ಕೆ ಅವನಿಗೆ ಎರಡು ತಿಂಗಳು ವಯಸ್ಸು ಹೆಚ್ಚಾಗಿತ್ತು. ಈಗ ಅವನು ಪಿಯುಸಿ ಬಿಟ್ಟು ಪಿಕಪ್ ವಾಹನ ಓಡಿಸುತ್ತಾನೆ, ಭಾನುವಾರ ಮಾತ್ರ ಮೈದಾನಕ್ಕೆ ಬರುತ್ತಾನೆ. ಅವನು ಖಂಡಿತ ಐಎಸ್‌ಎಲ್ ಆಡುತ್ತಿದ್ದ ಎಂದು ನಾನು ಹೇಳುವುದಿಲ್ಲ. ಅವನ ಕಾಲನ್ನು ಬಲ್ಲವರೊಬ್ಬರು ಹತ್ತು ನಿಮಿಷ ನೋಡಬೇಕಿತ್ತು, ಅಷ್ಟೇ.

ಹೀಗಾಗಿ ನನ್ನ ಬೇಡಿಕೆಗಳ ಕ್ರಮ ಬೇರೆ. ಮೊದಲನೆಯದಾಗಿ, ಹಾಸನ, ಚಿಕ್ಕಮಗಳೂರು, ಕೊಡಗಿನಂಥ ಜಿಲ್ಲೆಗಳಿಗೆ ಕ್ಲಬ್ ತಾನೇ ಬರಬೇಕು. ವರ್ಷಕ್ಕೆ ಎರಡು ಸಲ, ಮಳೆ ನಿಂತ ಮೇಲೊಮ್ಮೆ, ಪರೀಕ್ಷೆ ಮುಗಿದ ಮೇಲೊಮ್ಮೆ. ಹಾಗೆ ಸಿಕ್ಕವರು, ಈಗಾಗಲೇ ಮೀಸಲು ತಂಡದಲ್ಲಿ ಇರುವವರು, ಪ್ರತಿ ಸೀಸನ್ನಿನಲ್ಲಿ ಇಬ್ಬರಾದರೂ ಮೊದಲ ತಂಡದಲ್ಲಿ ನಿಜವಾದ ನಿಮಿಷಗಳನ್ನು ಪಡೆಯಬೇಕು. ಮುಗಿಯುವ ಹೊತ್ತಿನ ಮೂರು ನಿಮಿಷವಲ್ಲ. ವಿದೇಶಿಯರ ಖರೀದಿಯಲ್ಲಿ ನಡು ಮೈದಾನಕ್ಕೆ ಡಿಮಾಸ್‌ನಂಥ ಒಬ್ಬ ಹಿರಿಯ ಇರಲಿ, ಅವನ ಪಕ್ಕದಲ್ಲಿ ನಿಂತು ಹುಡುಗರು ಕಲಿಯುತ್ತಾರೆ; ಉಳಿದ ಜಾಗಗಳಿಗೆ ಮೂರು ವರ್ಷ ನಮ್ಮೊಡನೆ ಇರಬಲ್ಲ ವಯಸ್ಸಿನವರನ್ನು ನೋಡಲಿ. ಉದಾಂತನಂತೆ ಇಲ್ಲಿ ಬೆಳೆದವರು ಹೊರಡುವ ಮಾತು ಬಂದರೆ ಅವರ ಜಾಗಕ್ಕೆ ಯಾರೆಂಬುದು ಹಿಂದಿನ ವರ್ಷವೇ ತಿಳಿದಿರಬೇಕು.

ಕೋಚ್ ಈ ಎಲ್ಲವನ್ನೂ ಒಪ್ಪಿಕೊಂಡು ಬರುವವರಾಗಿರಬೇಕು, ಮೂರು ವರ್ಷದ ಒಪ್ಪಂದದೊಂದಿಗೆ, ಸಹಾಯಕರ ಸ್ಥಾನದಲ್ಲಿ ನಮ್ಮ ಮೀಸಲು ತಂಡವನ್ನು ಬಲ್ಲ ಒಬ್ಬ ಭಾರತೀಯನೊಂದಿಗೆ. ಮುಖ್ಯ ಕೋಚ್ ಒಂದು ದಿನ ಹೊರಟಾಗ, ರೋಕಾ ಹೋದಾಗ ಕ್ವಾದ್ರಾತ್ ಎದ್ದು ನಿಂತಂತೆ ಆ ಸಹಾಯಕ ಎದ್ದು ನಿಲ್ಲಬೇಕು.

ಇದನ್ನೆಲ್ಲ ಕ್ಲಬ್ಬಿಗೆ ಕನ್ನಡದಲ್ಲೇ ಒಂದು ಪತ್ರವಾಗಿ ಬರೆಯೋಣವೆಂದು ಕಳೆದ ಗುರುವಾರ ಕಟ್ಟೆಯ ಮೇಲೆ ತೀರ್ಮಾನವಾಯಿತು. ಇಂಜಿನಿಯರಿಂಗ್ ಹುಡುಗ ಟೈಪ್ ಮಾಡುತ್ತಾನೆ, ಜಿಲ್ಲೆಯ ಶಾಲಾ ತಂಡಗಳ ಪಟ್ಟಿಯನ್ನು ಮೇಷ್ಟ್ರು ಕೊಡುತ್ತಾರೆ, ಆಯ್ಕೆ ಶಿಬಿರಕ್ಕೆ ಬರುವವರ ಊಟದ ವ್ಯವಸ್ಥೆಯನ್ನು ರೈಟರ್ ವಹಿಸಿಕೊಂಡಿದ್ದಾರೆ. ಪತ್ರದಲ್ಲಿ ಕೋಚ್ ಸ್ಥಾನಕ್ಕೆ ಒಂದು ಹೆಸರನ್ನೂ ಸೂಚಿಸಬೇಕೇ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಬೇಡವೆಂದು ನಾನು, ಬೇಕೇ ಬೇಕೆಂದು ಔಷಧಿ ಅಂಗಡಿಯ ಗೆಳೆಯ.